ರೊಟ್ಟಿ ಮುರಿಯದ ಗಾಡಿ

ಎಲ್ಲರಿಗೂ ಬುದ್ಧಿ ತಲೆಯಲ್ಲಿರುತ್ತದೆ. ನಮ್ಮ ಕಾಕಾನಿಗೆ ಮಾತ್ರ ಅದು ಎರಡೂವರೆ ಅಡಿ ಕೆಳಗಿದೆ! ಇದು ನನ್ನ ಕುಚೋದ್ಯವಲ್ಲ. ಸ್ವತಃ ಕಾಕಾನೇ ನಾಲ್ಕು ಜನರ ಮುಂದೆ ಎದೆ ತಟ್ಟಿಕೊಂಡು (ತಟ್ಟಬೇಕಾದದ್ದು ಎದೆಯನ್ನಲ್ಲ, ಇರಲಿ) ಹೇಳುವ ಮಾತು. "ತಲಿ ಸುಳ್ಳ ಹೇಳತೈತಿ, ಕಣ್ಣ ಸುಳ್ಳ ಹೇಳತಾವು. ಕುಂದ್ರೂ ಜಾಗಾ ಮಾತ್ರ ಎಂದೂ ಸುಳ್ಳ ಹೇಳಂಗಿಲ್ಲ" ಎನ್ನುವುದು ಅವನ ಸಿದ್ಧಾಂತ. ಆ ಜಾಗಕ್ಕೆ ಅವನು ಬಳಸುವ ನಿಜವಾದ ಶಬ್ದವನ್ನು ಇಲ್ಲಿ ಬರೆದರೆ ನನ್ನ ಹೆಂಡತಿ ಈ ಲೇಖನವನ್ನು ಯಾರಿಗೂ ತೋರಿಸಲು ಬಿಡುವುದಿಲ್ಲ. ಆದ್ದರಿಂದ ನೀವೇ ಊಹಿಸಿಕೊಳ್ಳಿ.

ಇಂಥ ಜ್ಞಾನ ಸುಮ್ಮನೆ ಬರುವುದಿಲ್ಲ. ಕಾಕಾ ಹೊಲ ಅಳೆಯುವ ಮೋಜಣಿ ನೌಕರಿಯಲ್ಲಿದ್ದವನು. ಸರಕಾರಿ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ತಿಕೋಟಾ, ಬಬಲೇಶ್ವರ, ನಿಡೋಣಿ ಎಂದು ಸುತ್ತುತ್ತಲೇ ಅವನ ನೌಕರಿ ಮುಗಿಯಿತು. ಸೀಟಿನಲ್ಲಿ ಸ್ಪಂಜು ಇತ್ತೆಂಬುದು ಬರೀ ಕಾಗದದ ಮೇಲಿನ ಮಾತು. ಕಣ್ಣು ಮುಚ್ಚಿ ಕುಳಿತವನು ಜೀಪು ಎಗರಿದ ರೀತಿಯಲ್ಲೇ "ಹಾಂ, ನಿಡೋಣಿ ಬಂತು" ಎಂದು ಇಳಿಯಲು ಸಿದ್ಧನಾಗುತ್ತಿದ್ದನಂತೆ. ಆ ರಸ್ತೆಗೆ ಡಾಂಬರು ಬಿದ್ದ ವರ್ಷ ಮಾತ್ರ ಊರು ಬಂದದ್ದು ಗೊತ್ತಾಗದೆ ಎರಡು ಸಲ ದಾಟಿ ಹೋಗಿದ್ದನಂತೆ!

ನನಗೆ ಹೆಣ್ಣು ನೋಡಲು ಮನೆಯ ಹಿರಿಯನಾಗಿ ಮುಂಚಿತವಾಗಿ ಹೋಗಿ ಬಂದವನು ಇವನೇ. ನಾವೆಲ್ಲ ಬಾಗಿಲಲ್ಲೇ ಕಾಯುತ್ತಿದ್ದೆವು. ಚಪ್ಪಲಿ ಬಿಡುವ ಮೊದಲೇ ನನ್ನ ಅವ್ವ ಕೇಳಿದಳು, "ಹುಡುಗಿ ಹೆಂಗದಾಳೋ?"

ಕಾಕಾ ಗಂಭೀರವಾಗಿ ಹೇಳಿದ, "ಸೋಫಾ ಭಾಳ ಛಲೋ ಐತಿ."

"ಸೋಫಾ ಅಲ್ಲೋ, ಹುಡುಗಿ!"

"ಅದ ಹೇಳಾಕತ್ತೇನಿ. ಹಳೇ ಸೋಫಾ, ಆದ್ರ ಒಂದ ಕಡೆನೂ ತಗ್ಗ ಬಿದ್ದಿಲ್ಲ. ಅಂಥಾ ಮನ್ಯಾಗ ಯಾರೂ ಧಬಕ್ಕನ ಕುಂದ್ರಂಗಿಲ್ಲ, ಸಿಟ್ಟಲೆ ಏಳಂಗಿಲ್ಲ. ಕಣ್ಣ ಮುಚ್ಚಿ ಮಾಡ್ಕೋರಿ."

ಮಾಡಿಕೊಂಡೆ. ಸೋಫಾದ ಭವಿಷ್ಯ ಸುಳ್ಳಾಗಲಿಲ್ಲ. ನಮ್ಮಾಕೆ ಸಿಟ್ಟಿನಿಂದ ಏಳುವುದಿಲ್ಲ, ಕುಳಿತಲ್ಲೇ ಎಲ್ಲವನ್ನೂ ಹೇಳಿ ಮುಗಿಸುತ್ತಾಳೆ.

ಇಷ್ಟೇ ಆಗಿದ್ದರೆ ಕಾಕಾ ಮದುವೆ ಮನೆಗಳಲ್ಲಿ ಖುರ್ಚಿ ಬದಲಿಸುತ್ತ ಓಡಾಡುವ ಒಬ್ಬ ಸಾಧಾರಣ ವಿಚಿತ್ರ ಮನುಷ್ಯನಾಗಿ ಉಳಿದುಬಿಡುತ್ತಿದ್ದ. ಅವನನ್ನು ಅಸಾಧಾರಣನನ್ನಾಗಿ ಮಾಡಿದ್ದು ಜೈನಾಪುರದ ದಾರಿಯಲ್ಲಿನ ಒಂದು ಹಂಪು, ಅಂದರೆ ರಸ್ತೆಯುಬ್ಬು.

ಜೈನಾಪುರದಲ್ಲಿ ಕಾಕುವಿನ ಅಕ್ಕ ಇದ್ದಾಳೆ. ಕಾಕು ಎಂದರೆ ಕಾಕಾನ ಹೆಂಡತಿ, ಅವನ ಎಲ್ಲ ಸಂಶೋಧನೆಗಳನ್ನೂ ಸಹಿಸಿಕೊಂಡ ಏಕೈಕ ಜೀವ. ಅಕ್ಕತಂಗಿಯರಿಬ್ಬರೇ, ಬೇರೆ ಒಡಹುಟ್ಟಿದವರಿಲ್ಲ. ಅಕ್ಕನಿಗೆ ಮೊಣಕಾಲು ಹಿಡಿದು ಮನೆಯ ಹೊಸ್ತಿಲು ದಾಟುವುದೂ ಕಷ್ಟ. ಹಾಗಾಗಿ ತಂಗಿಯೇ ಹೋಗಿಬರಬೇಕು. ಹಬ್ಬಕ್ಕೊಮ್ಮೆ, ಹುಣ್ಣಿಮೆಗೊಮ್ಮೆ ಕಾಕಾ ತನ್ನ ಹಳೆಯ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಒಂದು ಸಲ ಹೀಗೇ ಹೋಗುವಾಗ ಸ್ಟೇರಿಂಗಿನಿಂದ ಒಂದು ಕೈ ತೆಗೆದು, "ಈ ಸೀಟ ನೋಡ, ಹೂವಿನ ಹಂಗೈತಿ. ಕುಂತದ್ದ ಗೊತ್ತಾಗಂಗಿಲ್ಲ" ಎಂದು ವರ್ಣನೆ ಮಾಡತೊಡಗಿದ್ದ. ಹೂವಿನ ಮಾತು ಮುಗಿಯುವ ಮೊದಲು ಹಂಪು ಬಂತು. ಹಿಂದೆ ಕುಳಿತಿದ್ದ ಕಾಕು ಮೇಲೆ ಹೋಗಿ, ತಪ್ಪದೆ ಕೆಳಗೂ ಬಂದಳು. ಸೊಂಟ ಹಿಡಿದುಬಿಟ್ಟಿತು.

ಡಾಕ್ಟರು ಔಷಧಿ, ವಿಶ್ರಾಂತಿ ಎಲ್ಲ ಬರೆದುಕೊಟ್ಟು, "ಸ್ವಲ್ಪ ದಿನಾ ಧಕ್ಕಾ ತಾಗಸಬ್ಯಾಡ್ರಿ" ಎಂದರು. ದವಾಖಾನೆಯಿಂದ ಮನೆಗೆ ಕರೆತರುವಾಗ ನಾನೂ ಕಾರಿನಲ್ಲಿದ್ದೆ. ಕಾಕು ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಿಂದ ಗಟ್ಟಿಯಾಗಿ ಅಪ್ಪಿಕೊಂಡು, ಕಣ್ಣನ್ನು ರಸ್ತೆಯ ಮೇಲೆ ನೆಟ್ಟು ಕುಳಿತಿದ್ದಳು. ಸಣ್ಣ ತಗ್ಗು ಕಂಡರೂ ಬೆರಳುಗಳು ಬಿಗಿಯಾಗುತ್ತಿದ್ದವು. ಕಾಕಾ ಅದನ್ನು ಕನ್ನಡಿಯಲ್ಲಿ ಮತ್ತೆ ಮತ್ತೆ ನೋಡಿದ. ಆ ವಾರವೇ ಕಾರು ಮಾರಿಬಿಟ್ಟ.

ಕಾಕುವಿನ ಸೊಂಟ ಬೇಗನೆ ಸರಿಯಾಯಿತು. ಅವಳು ಮೊದಲಿನಂತೆ ರೊಟ್ಟಿ ಬಡಿದಳು, ಮಾಳಿಗೆ ಹತ್ತಿ ಹಪ್ಪಳ ಒಣಗಿಸಿದಳು, ನೆರೆಮನೆಯವರ ಜೊತೆ ಜಗಳವನ್ನೂ ಆಡಿದಳು. ಸರಿಯಾಗದೆ ಉಳಿದದ್ದು ಕಾಕಾ ಒಬ್ಬನೇ. ಸೊಂಟಕ್ಕೆ ಎಳ್ಳಷ್ಟೂ ಧಕ್ಕೆ ತಾಗದ ಗಾಡಿ ಸಿಗುವವರೆಗೆ ಅವಳನ್ನು ಯಾವ ವಾಹನದಲ್ಲಿಯೂ ಕೂರಿಸುವುದಿಲ್ಲ ಎಂದು ಹಟ ಹಿಡಿದ. ಬಸ್ಸು? "ಬ್ಯಾಡ." ರಿಕ್ಷಾ? "ಹೆಸರ ತಗೀಬ್ಯಾಡ." ಜೈನಾಪುರದಿಂದ ದಿನಾಲೂ ಫೋನು ಬರುತ್ತಿತ್ತು, "ಯಾವಾಗ ಬರ್ತೀ ಬೇ?" ಎಂದು. ಕಾಕು ಗಂಡನ ಕಡೆ ನೋಡಿ, "ಗಾಡಿ ಹುಡುಕಾಕತ್ತಾರಕ್ಕಾ" ಎನ್ನುತ್ತಿದ್ದಳು. ವರ ಹುಡುಕುವವರೂ ಇಷ್ಟು ದಿನ ತೆಗೆದುಕೊಳ್ಳುವುದಿಲ್ಲ!

ಗಾಡಿಯನ್ನು ಪರೀಕ್ಷಿಸುವುದು ಹೇಗೆ? ತನ್ನ ಆಸನಜ್ಞಾನದ ಮೇಲೆಯೇ ಕಾಕಾನಿಗೆ ನಂಬಿಕೆ ಹೋಗಿತ್ತು. ಹೂವಿನ ಹಾಗಿದೆ ಎಂದು ಹೇಳಿ ಮೋಸ ಮಾಡಿದ್ದು ಅದೇ ತಾನೆ? ಹಲವು ದಿನ ಯೋಚಿಸಿದ. ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಕೈಯಲ್ಲಿದ್ದ ಖಡಕ್ ರೊಟ್ಟಿ ಪಟ್ಟೆಂದು ಮುರಿಯಿತು. ಕಾಕಾ ಮುರಿದ ರೊಟ್ಟಿಯನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದ. ಪಲ್ಯ ತಣ್ಣಗಾಯಿತು.

ನಮ್ಮ ವಿಜಯಪುರದ ಖಡಕ್ ರೊಟ್ಟಿ ನಿಮಗೆ ಗೊತ್ತಿರಬೇಕು. ಜೋಳದ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಇಟ್ಟದ್ದು. ತಿಂಗಳುಗಟ್ಟಲೆ ಕೆಡುವುದಿಲ್ಲ, ಆದರೆ ಜೋರಾಗಿ ಸೀನಿದರೆ ಮುರಿಯುತ್ತದೆ. ಅದರಲ್ಲೂ ಕಾಕುವಿನ ರೊಟ್ಟಿ ಎಂದರೆ ಆಚೆ ಬದಿಯಲ್ಲಿ ಹಿಡಿದ ದೀಪ ಕಾಣಬೇಕು. ಕಾಕಾನ ಪರೀಕ್ಷೆ ಹೀಗೆ: ಅಂಥ ರೊಟ್ಟಿಗಳ ಒಂದು ಥಪ್ಪಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಕಾಕು ಕುಳಿತುಕೊಳ್ಳಬೇಕಾದ ಜಾಗದಲ್ಲಿ ಇಡುವುದು. ತಿಕೋಟಾಕ್ಕೋ ಬಬಲೇಶ್ವರಕ್ಕೋ ಹೋಗಿ ಬರುವುದು. ಗಂಟು ಬಿಚ್ಚಿದಾಗ ಎಲ್ಲ ರೊಟ್ಟಿ ಇಡಿಯಾಗಿದ್ದರೆ ಗಾಡಿ ಪಾಸು. ಒಂದು ಮುರಿದರೂ ನಾಪಾಸು.

ಅಂದಿನಿಂದ ನಮ್ಮ ಬಳಗದಲ್ಲಿ ಯಾರು ಹೊಸ ಕಾರು ತೆಗೆದುಕೊಂಡರೂ ಪೂಜೆಗೆ ನಿಂಬೆಹಣ್ಣು ಬರುವ ಮೊದಲು ಕಾಕಾ ರೊಟ್ಟಿಯ ಗಂಟು ಹಿಡಿದು ಬಂದು ನಿಲ್ಲುತ್ತಿದ್ದ. ಎಲ್ಲ ಗಾಡಿಗಳೂ ನಾಪಾಸಾದವು. ಕೆಲವರು ಕಾಕಾನಿಗೆ ಹೇಳದೆಯೇ ಕಾರು ಖರೀದಿಸಿ ಹಿತ್ತಲಲ್ಲಿ ನಿಲ್ಲಿಸತೊಡಗಿದರು. ಕಾಕುವಿನ ಮನೆಯಲ್ಲಿ ಮಾತ್ರ ದಿನಾಲೂ ಮುರಿದ ರೊಟ್ಟಿಯದೇ ಅಡುಗೆ. ಮುಂಜಾನೆ ಒಗ್ಗರಣೆ ಹಾಕಿದ ರೊಟ್ಟಿ ಚೂರು, ಮಧ್ಯಾಹ್ನ ಮೊಸರು ಹಾಕಿದ ರೊಟ್ಟಿ ಚೂರು. "ಇಡೀ ರೊಟ್ಟಿ ನೋಡಿ ಎಷ್ಟ ದಿನಾ ಆತೋ ಯಪ್ಪಾ" ಎಂದು ಕಾಕು ನನ್ನೆದುರು ನಿಟ್ಟುಸಿರು ಬಿಟ್ಟಳು.

ಆಗ ಬಂತು ವಿದ್ಯುತ್ ಕಾರಿನ ಕಾಲ. ಇಂಜಿನ್ನೇ ಇಲ್ಲದ ಗಾಡಿ ಎಂದು ಕೇಳಿ ಕಾಕಾ ರೋಮಾಂಚನಗೊಂಡ. ಇಂಜಿನ್ ಇಲ್ಲವೆಂದರೆ ನಡುಕ ಇಲ್ಲ, ನಡುಕ ಇಲ್ಲವೆಂದರೆ ಧಕ್ಕೆ ಇಲ್ಲ! ಇಂಜಿನ್ನಿಗೂ ತಗ್ಗಿಗೂ ಏನು ಸಂಬಂಧ ಎಂದು ನಾನು ಕೇಳಿದ್ದಕ್ಕೆ, "ನೀ ಕನ್ನಡಕಾ ಮಾರಾಂವ, ಕನ್ನಡಕಾ ಮಾರು" ಎಂದ. ನನ್ನದು ಸ್ಟೇಷನ್ ರಸ್ತೆಯಲ್ಲಿ ಒಂದು ಕನ್ನಡಕದ ಅಂಗಡಿ. ಅದನ್ನು ಮುಚ್ಚಿಸಿಯೇ ಶೋರೂಮಿಗೆ ಕರೆದುಕೊಂಡು ಹೋದ. ಕಾಕುವೂ ಬಂದಳು, ನಡೆದುಕೊಂಡು. ಹತ್ತಿರವೇ ಇತ್ತಲ್ಲ, ವಾಹನದ ಪ್ರಶ್ನೆಯೇ ಬರಲಿಲ್ಲ.

ಶೋರೂಮಿನ ಹೆಣ್ಣುಮಗಳು ಬಹಳ ಚೂಟಿ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ, ಪರದೆಯಲ್ಲಿ ಏನೇನು ಕಾಣುತ್ತದೆ, ಎಲ್ಲವನ್ನೂ ಹೇಳಿದಳು. ಕಾಕಾ ಕೈ ಅಡ್ಡ ಹಿಡಿದ. "ಅದೆಲ್ಲಾ ಇರಲಿ ತಂಗಿ. ಕುಂತ್ರ ಹೆಂಗ?"

"ಭಾಳ ಕಂಫರ್ಟ್ ಐತ್ರಿ ಸರ್."

"ಕಂಫರ್ಟ್ ಐತೋ ಇಲ್ಲೋ ರೊಟ್ಟಿ ಹೇಳತೈತಿ" ಎಂದು ಕಾಕಾ ಚೀಲದಿಂದ ಗಂಟು ತೆಗೆದ. ಆಕೆ ಅದನ್ನು ಬುತ್ತಿ ಎಂದು ತಿಳಿದು, "ಊಟ ಆಮ್ಯಾಲ ಮಾಡೂಣ್ರಿ ಸರ್" ಎಂದಳು.

ಕಾಕುವನ್ನು ಶೋರೂಮಿನಲ್ಲೇ ಬಿಟ್ಟು ನಾವು ಮೂವರೂ ತಿಕೋಟಾ ರಸ್ತೆ ಹಿಡಿದೆವು. ಅಬ್ಬಾ, ಏನು ಮೌನ! ಗಾಡಿ ಹೊರಟದ್ದೇ ತಿಳಿಯಲಿಲ್ಲ. ಕಾಕಾನ ಮುಖ ಅರಳಿತು. ಆಮೇಲೆ ಮೊದಲನೆಯ ಹಂಪು ಬಂತು. ಧಡ್! ಕಾಕಾನ ಮುಖ ಮುಚ್ಚಿಕೊಂಡಿತು. ಹಳೆಯ ಕಾರುಗಳಲ್ಲಿ ಇಂಜಿನ್ನಿನ ಸದ್ದು ಎಲ್ಲದರ ಮರ್ಯಾದೆ ಮುಚ್ಚುತ್ತಿತ್ತು. ಇಲ್ಲಿ ಒಂದೊಂದು ತಗ್ಗಿನ ಸದ್ದೂ ಬಿಡಿಬಿಡಿಯಾಗಿ ಕೇಳಿಸತೊಡಗಿತು. ಅದರ ನಡುವೆ ಇನ್ನೊಂದು ಸದ್ದೂ ಸ್ಪಷ್ಟವಾಗಿ ಕೇಳಿಸಿತು, ಹಿಂದಿನ ಸೀಟಿನಲ್ಲಿ ರೊಟ್ಟಿ ಮುರಿಯುವ ಚಟ್ ಚಟ್.

ಶೋರೂಮಿನ ಹೆಣ್ಣುಮಗಳು ಬಿಡಿಸಿ ಹೇಳಿದಳು. ಗಾಡಿಯ ತಳದಲ್ಲಿ ಬ್ಯಾಟರಿ ಇರುತ್ತದೆ, ಅದು ಬಹಳ ಭಾರ. ಆ ಭಾರ ಹೊರಲಿಕ್ಕೆ ಸ್ಪ್ರಿಂಗುಗಳನ್ನು ಬಿರುಸಾಗಿ ಮಾಡಿರುತ್ತಾರೆ. "ಅದಕ್ಕ ಸಸ್ಪೆನ್ಷನ್ ಸ್ವಲ್ಪ ಗಟ್ಟಿ ಅನಸ್ತೈತ್ರಿ ಸರ್. ಆದ್ರ ಕಾರ್ನರ್‌ದಾಗ ಗಾಡಿ ಭಾಳ ಮಸ್ತ್ ನಿಲ್ಲತೈತಿ."

"ಜೈನಾಪುರದ ದಾರ್ಯಾಗ ಕಾರ್ನರ್ ಎಲ್ಲಿ ಅದಾವು ತಂಗಿ?" ಎಂದ ಕಾಕಾ. "ಇರೂವೆಲ್ಲಾ ತಗ್ಗ!"

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮರಳಿ ಬಂದಾಗ ಶೋರೂಮಿನಲ್ಲಿ ನಿಲ್ಲಿಸಿಟ್ಟ ಅಂಥದೇ ಇನ್ನೊಂದು ಕಾರಿನಲ್ಲಿ ಕಾಕು ಆರಾಮಾಗಿ ಕುಳಿತಿದ್ದಳು. "ಎಷ್ಟ ತಂಪ ಐತ್ರಿ ಇದು! ಸಪ್ಪಳನ ಇಲ್ಲ. ಇದನ್ನ ತಗೋಳ್ರಿ" ಎಂದಳು. ಬಹಳ ದಿನಗಳ ನಂತರ ಅವಳು ತಾನಾಗಿಯೇ ಒಂದು ಗಾಡಿಯೊಳಗೆ ಕುಳಿತಿದ್ದಳು, ನಿಂತ ಗಾಡಿಯಾದರೇನು? ಕಾಕಾ ಅವಳ ಮುಖವನ್ನೇ ನೋಡಿದ. ರೊಟ್ಟಿ ನಾಪಾಸು ಮಾಡಿದ ಗಾಡಿಯನ್ನು ಖರೀದಿಸಿಬಿಟ್ಟ! "ಗಾಡಿ ತಗೋಳೂಣು. ಆದ್ರ ಮೆತ್ತಗ ಆಗೂ ತನಕಾ ನೀ ಕುಂದ್ರಂಗಿಲ್ಲ" ಎಂಬ ಕರಾರಿನ ಮೇಲೆ.

ಹೀಗೆ ಗಾಡಿ ಬಂದು ಅಂಗಳದಲ್ಲಿ ನಿಂತಿತು. ಓಡುವಾಗ ಕುಳಿತುಕೊಳ್ಳಬಾರದು ಎಂದಿದ್ದನಲ್ಲವೇ, ನಿಂತಾಗ ಕುಳಿತುಕೊಳ್ಳಬಾರದು ಎಂದಿರಲಿಲ್ಲ. ಬೇಸಿಗೆಯ ಮಧ್ಯಾಹ್ನ ಕಾಕು ಮೆಂತ್ಯದ ಸಿವುಡು ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತು, ಎ.ಸಿ. ಹಾಕಿಕೊಂಡು ಸೊಪ್ಪು ಬಿಡಿಸತೊಡಗಿದಳು. ಅಲ್ಲಿಂದಲೇ ಅಕ್ಕನಿಗೆ ಫೋನು.

"ಗಾಡ್ಯಾಗ ಕುಂತೇನಿ ಅಕ್ಕಾ."

"ಹೌದಾ? ಎಲ್ಲೀ ತನಕಾ ಬಂದಿ?"

"ಅಂಗಳದಾಗದೀನಿ."

ಆಚೆಯಿಂದ ನಗು. ಈಚೆಯಿಂದಲೂ ನಗು. ಆಮೇಲೆ ಕಾಕು ಫೋನನ್ನು ಕಿವಿಗೆ ಒತ್ತಿಕೊಂಡೇ ಮುಂದಿನ ಕಡ್ಡಿಯ ಸೊಪ್ಪು ಬಿಡಿಸುತ್ತಿದ್ದಳು.

ಗಾಡಿಯನ್ನು ಮೆತ್ತಗೆ ಮಾಡುವ ಯಜ್ಞ ಶುರುವಾಯಿತು. ಕಾಕಾ ಟೈರಿನ ಗಾಳಿ ಇಳಿಸಿದ. ಗಾಡಿ ಎಮ್ಮೆಯ ಹಾಗೆ ತೂಗಾಡಿತು. ಮತ್ತೆ ಗಾಳಿ ಏರಿಸಿದ. ಕೊನೆಗೆ ಪರಿಚಯದ ಚಾಚಾನಿಗೆ ಫೋನು ಮಾಡಿದ. ಚಾಚಾನ ಮನೆತನದವರು ತಲೆಮಾರುಗಳಿಂದ ಅರಳೆ ಹಿಂಜಿ ಗಾದಿ ಮಾಡುವವರು. ಊರಿನ ಅರ್ಧ ಜನ ಮಲಗುವುದು ಅವರ ಗಾದಿಗಳ ಮೇಲೆಯೇ. ಹಿಂದಿನ ಸೀಟಿಗೆ ಒಂದು ಮೆತ್ತೆ ಹೊಲಿಸುವುದು ಕಾಕಾನ ವಿಚಾರ. ಆದರೆ ಅವನು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಚಾಚಾ, ನಮ್ಮ ಗಾಡಿ ಭಾಳ ಬಿರುಸಾಗೈತಿ. ಸ್ವಲ್ಪ ಮೆತ್ತಗ ಮಾಡಿಕೊಡ ಬಾ."

ಚಾಚಾನಿಗೆ ಗಾಡಿ ಎಂದದ್ದು ಗಾದಿ ಎಂದೇ ಕೇಳಿಸಿತು. ಅವನ ತಪ್ಪೇನಿದೆ? ಅವನಿಗೆ ಫೋನು ಮಾಡಿ ಗಾಡಿಯ ಮಾತಾಡುವವರು ಯಾರಿದ್ದಾರೆ? ಮರುದಿನ ಮುಂಜಾನೆ ಅರಳೆಯ ಚೀಲ, ಸೂಜಿ ದಾರ ಎಲ್ಲ ತೆಗೆದುಕೊಂಡು ಬಂದು, "ಎಲ್ಲೈತ್ರಿ ಸಾಹೇಬ್ರ?" ಎಂದ. ಕಾಕಾ ಅಂಗಳದ ಕಡೆ ಕೈ ಮಾಡಿದ. ಚಾಚಾ ಕಾರನ್ನು ಒಂದು ಸುತ್ತು ಹಾಕಿದ. ಬಗ್ಗಿ ಅದರ ಕೆಳಗೂ ನೋಡಿದ. ಬಾನೆಟ್ ಮೇಲೆ ಒಮ್ಮೆ ಕೈಯಿಟ್ಟು ಒತ್ತಿದ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದ, "ಸಾಹೇಬ್ರ, ಇದನ್ನ ಬಿಚ್ಚಿ ಹಿಂಜಾಕ ಬರಂಗಿಲ್ರಿ!"

ಚಾ ಕುಡಿದು ನಕ್ಕು ಮುಗಿಸಿದ ಮೇಲೆ ಚಾಚಾ ಸೀಟಿನ ಅಳತೆ ತೆಗೆದುಕೊಂಡು, ಅಪ್ಪಟ ಅರಳೆಯ ಒಂದು ದಪ್ಪ ಗಾದಿಯನ್ನು ಹೊಲಿದುಕೊಟ್ಟ. ಅದರ ಮೇಲಿಟ್ಟ ರೊಟ್ಟಿ ತಿಕೋಟಾಕ್ಕೆ ಹೋಗಿ ಬಂದರೂ ಮುರಿಯಲಿಲ್ಲ! ಕಾಕಾ ಕುಣಿಯುವುದೊಂದೇ ಬಾಕಿ. ಕಾಕುವನ್ನು ಕರೆದು ಕೂರಿಸಿದ. ಗಾದಿ ಎಷ್ಟು ಎತ್ತರವಾಗಿತ್ತೆಂದರೆ ಕಾಕುವಿನ ತುರುಬು ಗಾಡಿಯ ಛಾವಣಿಗೆ ತಾಗಿ, ಅವಳು ಕೊರಳು ಸೊಟ್ಟ ಮಾಡಿ ಕುಳಿತುಕೊಳ್ಳಬೇಕಾಯಿತು. "ಇದರಾಗ ರೊಟ್ಟಿ ಕುಂದ್ರಬೇಕೋ ನಾ ಕುಂದ್ರಬೇಕೋ, ಒಂದ ಹೇಳ್ರಿ" ಎಂದಳು. ಗಾದಿ ಮನೆಯ ಒಳಗೆ ಹೋಯಿತು. ಈಗ ಅದರ ಮೇಲೆ ಬೆಕ್ಕು ಮಲಗುತ್ತದೆ.

ಇದಾದ ಮೇಲೆ ನನ್ನ ದುರ್ದೆಸೆ ಆರಂಭವಾಯಿತು. ಒಮ್ಮೆ ಕಾಕಾ ನಿಡೋಣಿಯ ಗೆಳೆಯನ ತೋಟದಿಂದ ಒಣದ್ರಾಕ್ಷಿಯ ಡಬ್ಬಗಳನ್ನೂ ಜೋಳದ ಚೀಲಗಳನ್ನೂ ಗಾಡಿಯ ತುಂಬ ಹೇರಿಕೊಂಡು ಬಂದ. ಆ ದಿನ ಗಾಡಿ ತೇಲಿಕೊಂಡು ಬಂತಂತೆ. ಕಾಕಾನಿಗೆ ಒಮ್ಮೆಲೇ ಜ್ಞಾನೋದಯ! ಸ್ಪ್ರಿಂಗು ಬಿರುಸಾಗಿದ್ದರೆ ಅದರ ಮೇಲೆ ಭಾರ ಹೇರಬೇಕು. ಖಾಲಿ ಗಾಡಿ ಕುಣಿಯುತ್ತದೆ, ತುಂಬಿದ ಗಾಡಿ ಸುಮ್ಮನೆ ಹೋಗುತ್ತದೆ. ನೇರವಾಗಿ ನನ್ನ ಅಂಗಡಿಗೆ ಬಂದು, ಗಿರಾಕಿಗಳ ಮುಂದೆಯೇ ನನ್ನನ್ನು ಮೇಲಿಂದ ಕೆಳಗೆ ಅಳೆದು ಕೇಳಿದ, "ನಿನ್ನ ತೂಕಾ ಎಷ್ಟೈತಿ?"

ನಾನು ಸಣ್ಣ ದನಿಯಲ್ಲಿ ಹೇಳಿದೆ. ಕಾಕಾ ನನ್ನನ್ನು ಇಷ್ಟು ಅಭಿಮಾನದಿಂದ ನೋಡಿದ್ದು ಅದೇ ಮೊದಲು. "ಭೇಷ್! ನಮ್ಮ ಮನೆತನದಾಗ ಒಬ್ಬರರೆ ಉಪಯೋಗಕ್ಕ ಬಂದ್ರು!"

ಅಂದಿನಿಂದ ರವಿವಾರ ಬಂತೆಂದರೆ ನಾನು ಹಿಂದಿನ ಸೀಟಿನಲ್ಲಿ ಭಾರದ ಚೀಲವಾಗಿ ಕುಳಿತು ಬಬಲೇಶ್ವರಕ್ಕೆ ಹೋಗಿ ಬರಬೇಕು. ಪಕ್ಕದಲ್ಲಿ ರೊಟ್ಟಿಯ ಗಂಟು. ರೊಟ್ಟಿ ಮುರಿಯುವುದು ಕಡಿಮೆಯಾಯಿತು ನಿಜ, ಪೂರಾ ನಿಲ್ಲಲಿಲ್ಲ. ಅದೇ ಹೊತ್ತಿಗೆ ನನ್ನ ಹೆಂಡತಿ ನನ್ನ ಹೊಟ್ಟೆ ಇಳಿಸುವ ಪಣ ತೊಟ್ಟಿದ್ದಳು. ಎರಡು ವಾರ ಬರೀ ಸೌತೆಕಾಯಿ ತಿಂದೆ. ಮುಂದಿನ ರವಿವಾರ ಮೊದಲ ತಗ್ಗಿನಲ್ಲಿಯೇ ಕಾಕಾ ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿದ. "ತೂಕ ಇಳದಿ ಹೌದಿಲ್ಲೋ? ಸ್ಪ್ರಿಂಗ್ ಗೊತ್ತ ಹಿಡದೈತಿ!" ಸಂಜೆ ನಮ್ಮ ಮನೆಗೆ ಒಂದು ಡಬ್ಬ ಶೇಂಗಾ ಹೋಳಿಗೆ, ಜೊತೆಗೆ ತುಪ್ಪ ಬಂದವು. ಈ ವಿಷಯದಲ್ಲಿ ನನ್ನ ಹೆಂಡತಿಗೂ ಕಾಕಾನಿಗೂ ಇಂದಿಗೂ ಮಾತುಕತೆ ನೆಟ್ಟಗಿಲ್ಲ. ಕುಳಿತಲ್ಲೇ ಹೇಳುತ್ತಾಳೆ ಎಂದೆನಲ್ಲ.

ಹೀಗೆ ನಗುತ್ತ, ತಿನ್ನುತ್ತ ದಿನಗಳು ಹೋಗುತ್ತಿದ್ದವು. ಒಂದು ರವಿವಾರ ನಾನು ಕಾಕಾನ ಮನೆಗೆ ಹೋದಾಗ ಕಾಕು ಅಂಗಳದ ಗಾಡಿಯೊಳಗೆ ಫೋನು ಹಿಡಿದು ಕುಳಿತಿದ್ದಳು. ಗಾಡಿಯ ಬಾಗಿಲು ತೆರೆದಿತ್ತು. ಫೋನಿನ ದನಿ ನನಗೂ, ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ ಕಾಕಾನಿಗೂ ಕೇಳಿಸುತ್ತಿತ್ತು.

"ಕಣ್ಣ ಮಂಜಾಗ್ಯಾವ ಬೇ," ಅಕ್ಕ ಹೇಳುತ್ತಿದ್ದಳು. "ದಿನಾ ಬರೀ ದನಿ ಕೇಳಿ ಕೇಳಿ ನಿನ್ನ ಮಾರಿ ಮರತ ಹೋಗಾಕತ್ತೈತಿ. ಪೂರಾ ಮಬ್ಬ ಆಗೂದರಾಗ ಒಮ್ಮೆ ಬಂದ ಹೋಗ."

ಕಾಕು ಅಳಲಿಲ್ಲ. "ಬರ್ತೇನಿ ತಡಿ" ಎಂದು ಫೋನು ಇಟ್ಟಳು. ಒಳಗೆ ಹೋಗಿ, ಆ ವಾರದ ಪರೀಕ್ಷೆಗೆಂದು ಕಟ್ಟಿಟ್ಟ ರೊಟ್ಟಿಯ ಗಂಟನ್ನು ತಂದು, ಹಿಂದಿನ ಸೀಟಿನಲ್ಲಿ ತಾನೇ ಕುಳಿತು ಬಾಗಿಲು ಹಾಕಿಕೊಂಡಳು. ಗಾಜು ಇಳಿಸಿ ಹೇಳಿದಳು, "ಇವತ್ತ ರೊಟ್ಟಿ ಜೋಡಿ ನಾನೂ ಬರ್ತೇನ್ರಿ. ಬಬಲೇಶ್ವರದಾಗ ಗಂಟ ಬಿಚ್ಚೂಣು. ಒಂದ ಮುರದ್ರೂ ಹೊಳ್ಳಿ ಬರೂಣು, ಆಮ್ಯಾಲ ನಾ ಎಂದೂ ಕೇಳಂಗಿಲ್ಲ. ಮುರೀಲಿಲ್ಲಂದ್ರ ಜೈನಾಪುರಕ್ಕ ಹೋಗೂದು."

ಕಾಕಾನ ಬಾಯಲ್ಲಿ ಪೇಸ್ಟಿನ ನೊರೆ. ವಾದ ಮಾಡುವ ಸ್ಥಿತಿಯಲ್ಲಿ ಇರಲಿಲ್ಲ. ಬಾಯಿ ಮುಕ್ಕಳಿಸಿ ಬಂದವನು ನನ್ನ ಕಡೆ ತಿರುಗಿ ಹೇಳಿದ, "ನಾಷ್ಟಾ ಮಾಡೀಯಿಲ್ಲೋ? ಇನ್ನೊಂದ ಪ್ಲೇಟ್ ಮಾಡು."

ಹೊರಟೆವು. ಕಾಕಾ ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು, ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯ ಹಾಗೆ ಬೆವರುತ್ತಿದ್ದ. ಹಿಂದೆ ನಾನು, ಕಾಕು, ನಮ್ಮ ನಡುವೆ ರೊಟ್ಟಿಯ ಗಂಟು. ಊರು ದಾಟಿತು. ದೂರದಲ್ಲಿ ಮೊದಲನೆಯ ಹಂಪು ಕಂಡಿತು. ಆಗ ಕಾಕು ಗಂಟನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು!

ನಾನು ಬಾಯಿ ತೆರೆದೆ. ಅವಳು ಕಣ್ಣು ಕೆಕ್ಕರಿಸಿದಳು. ಅಯ್ಯೋ, ಪಿಸುಗುಟ್ಟೋಣವೆಂದರೆ ಹಾಳು ವಿದ್ಯುತ್ ಗಾಡಿ! ಇದರಲ್ಲಿ ಗುಟ್ಟಿನ ಮಾತು ಸಾಧ್ಯವೇ? ಉಗುಳು ನುಂಗಿದರೂ ಮುಂದಿನವರಿಗೆ ಕೇಳಿಸುತ್ತದೆ. ಹಂಪು ಹತ್ತಿರ ಬಂದಾಗ ಕಾಕು ಗಂಟನ್ನು ಎರಡೂ ಕೈಯಿಂದ ತೊಡೆಯಿಂದಲೂ ಮೇಲೆ ಗಾಳಿಯಲ್ಲಿ ಎತ್ತಿ ಹಿಡಿದಳು. ಧಡ್ ಎಂದಿತು. ನಾನು ಎಗರಿದೆ, ಕಾಕು ಎಗರಿದಳು, ಕೈಯಲ್ಲಿದ್ದ ರೊಟ್ಟಿ ಮಾತ್ರ ಸ್ವರ್ಗದಲ್ಲಿದ್ದ ಹಾಗೆ ತಣ್ಣಗಿತ್ತು.

"ಹೆಂಗೈತಿ?" ಮುಂದಿನ ಸೀಟಿನಿಂದ ಕಾಕಾನ ದನಿ.

"ಹೂವಿನ ಹಂಗ ಐತ್ರಿ!" ಎಂದಳು ಕಾಕು.

ಹೀಗೆ ಬಬಲೇಶ್ವರದವರೆಗೂ ನಡೆಯಿತು. ತಗ್ಗು ಬಂದರೆ ಗಂಟು ಮೇಲೆ, ತಗ್ಗು ದಾಟಿದರೆ ಗಂಟು ತೊಡೆಗೆ. ಸೊಂಟ ನೋಯುತ್ತಿದೆಯೇ ಎಂದು ನಾನು ಕೈಸನ್ನೆ ಮಾಡಿ ಕೇಳಿದೆ. ಕಾಕು ಹುಬ್ಬು ಹಾರಿಸಿ, ನನ್ನ ಹೊಟ್ಟೆಯ ಕಡೆ ತೋರಿಸಿ, ನಿನ್ನದನ್ನು ನೋಡಿಕೋ ಎಂಬಂತೆ ನಕ್ಕಳು. ಅವಳು ಹುಡುಗಿಯ ಹಾಗೆ ಕಾಣುತ್ತಿದ್ದಳು.

ಬಬಲೇಶ್ವರದ ಚಾದಂಗಡಿಯ ಮುಂದೆ ಕಾಕಾ ಗಾಡಿ ನಿಲ್ಲಿಸಿದ. ಅಷ್ಟರಲ್ಲಿ ಗಂಟು ಸೀಟಿನ ಮೇಲೆ ಏನೂ ಅರಿಯದ ಹಾಗೆ ಕುಳಿತಿತ್ತು. ಅದನ್ನು ಬಾನೆಟ್ ಮೇಲಿಟ್ಟು ಬಿಚ್ಚಿದ. ಒಂದೊಂದೇ ರೊಟ್ಟಿ ಎತ್ತಿ ನೋಡಿದ. ಒಂದರ ಅಂಚೂ ಉದುರಿರಲಿಲ್ಲ. ಚಾ ಕುಡಿಯಲು ಬಂದವರೆಲ್ಲ ಸುತ್ತ ನೆರೆದು, "ಎಷ್ಟಕ್ಕ ಒಂದ್ರಿ ರೊಟ್ಟಿ?" ಎಂದು ಕೇಳಿದರು. ಕಾಕಾ ಅವರತ್ತ ನೋಡಲಿಲ್ಲ. ರೊಟ್ಟಿಗಳನ್ನು ಮತ್ತೆ ನಿಧಾನವಾಗಿ ಕಟ್ಟಿ, "ಪಾಸ್" ಎಂದ. ಅವನು ಕುಣಿಯಬಹುದೆಂದು ನಾನು ಕಾಯುತ್ತಿದ್ದೆ. ಸುಮ್ಮನೆ ಹೋಗಿ ಗಾಡಿಯಲ್ಲಿ ಕುಳಿತ.

ಜೈನಾಪುರದಲ್ಲಿ ಅಕ್ಕ ಗೋಡೆಗೆ ಆತು ಕುಳಿತಿದ್ದಳು. ಕಾಕು ಹೋಗಿ ಅವಳ ಮುಂದೆ ಕುಳಿತಳು. ಅಕ್ಕ ಏನೂ ಕೇಳದೆ ಎರಡೂ ಅಂಗೈಗಳಿಂದ ತಂಗಿಯ ಮುಖ ಹಿಡಿದು, ಕಣ್ಣಿಗೆ ತೀರ ಹತ್ತಿರ ತಂದುಕೊಂಡು ನೋಡಿದಳು. ಬಹಳ ಹೊತ್ತು ನೋಡಿ, "ಮುದುಕಿ ಆಗೀಯಲ್ಲ ಬೇ!" ಎಂದಳು. ಇಬ್ಬರೂ ನಗುತ್ತ ಅತ್ತರು. ನನ್ನ ಕಣ್ಣೂ ಒದ್ದೆಯಾಗಿ, ನಾನು ಅಂಗಳಕ್ಕೆ ಬಂದೆ.

ಕಾಕಾ ಗಾಡಿಗೆ ಒರಗಿ ನಿಂತಿದ್ದ. ನನಗೆ ಮೋಸದಲ್ಲಿ ಪಾಲುದಾರನಾದ ಕಸಿವಿಸಿ. "ಕಾಕಾ, ಆ ರೊಟ್ಟಿ..." ಎಂದು ಶುರು ಮಾಡಿದೆ.

"ಗೊತ್ತೈತಿ. ಮೊದಲನೇ ಹಂಪಿಗೇ ಕನ್ನಡ್ಯಾಗ ಕಂಡೆ."

"ಮತ್ತ ಯಾಕ ಹೊಳ್ಳಸಲಿಲ್ಲ ಗಾಡಿ?"

ಕಾಕಾ ಬಾನೆಟ್ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. "ಅವತ್ತ ದವಾಖಾನ್ಯಾಗಿಂದ ಬರೂ ಮುಂದ ಎರಡೂ ಕೈಲೆ ಸೀಟ ಹಿಡಕೊಂಡ ಕುಂತಿದ್ಲಲ್ಲ, ನೆನಪೈತೇನು? ನನ್ನ ಗಾಡ್ಯಾಗ ಕುಂದ್ರಾಕ ಅಂಜತಾಳಂತ ಅವತ್ತ ಗೊತ್ತಾತು. ಅಕಿ ಸೊಂಟದ್ದಲ್ಲೋ, ನನಗ ಆ ಕೈದ ಚಿಂತಿ ಇತ್ತು." ತನ್ನ ಎರಡೂ ಕೈ ಎತ್ತಿ ತೋರಿಸಿದ. "ಇವತ್ತ ನೋಡಿದ್ಯಾ? ಎರಡೂ ಕೈ ಬಿಟ್ಟಿದ್ಲು. ಅಷ್ಟ ತಗ್ಗ ಬಂದ್ರೂ ಒಮ್ಮೆಯೂ ಏನೂ ಹಿಡಕೊಳ್ಳಲಿಲ್ಲ."

ಇಷ್ಟು ದಿನ ಕಾಕಾನನ್ನು ನೋಡಿ ನಕ್ಕವನಿಗೆ ಆಗ ಅವನ ಮುಖ ನೋಡಲಾಗಲಿಲ್ಲ. ಎಷ್ಟು ಪ್ರೀತಿಯಿತ್ತೋ ಈ ಮನುಷ್ಯನಿಗೆ, ಎಷ್ಟು ಅಂಜಿಕೆಯಿತ್ತೋ!

ಊಟ ಮಾಡಿ, ಹರಟೆ ಮುಗಿಸಿ ಹೊರಟಾಗ ಬಿಸಿಲು ಇಳಿದಿತ್ತು. ಅಕ್ಕ ಖಡಕ್ ಸಜ್ಜಿರೊಟ್ಟಿಯ ಒಂದು ಗಂಟು ಕಟ್ಟಿಕೊಟ್ಟಿದ್ದಳು. ಈ ಸಲ ಕಾಕು ಅದನ್ನು ಎತ್ತಿ ಹಿಡಿಯಲಿಲ್ಲ. ಸೀಟಿನ ಮೇಲೆ ಬಿಟ್ಟು, ತಲೆಯನ್ನು ಹಿಂದಕ್ಕೆ ಒರಗಿಸಿ, ಬಬಲೇಶ್ವರ ದಾಟುವ ಮೊದಲೇ ನಿದ್ದೆ ಹೋದಳು. ಹಂಪು ಬಂದಾಗಲೆಲ್ಲ ರೊಟ್ಟಿ ಚಟ್ ಚಟ್ ಎನ್ನುತ್ತಿತ್ತು. ಕಾಕಾ ಕೇಳಿಯೂ ಕೇಳಿಸದವನ ಹಾಗೆ ನಡೆಸಿದ.

ಮನೆ ಬಂತು. ಗಾಡಿ ಸದ್ದಿಲ್ಲದೆ ಅಂಗಳದಲ್ಲಿ ನಿಂತಿತು. ಇಷ್ಟು ದಿನ ಕಾಕು ಮೆಂತ್ಯ ಬಿಡಿಸುತ್ತ ಕುಳಿತಿರುತ್ತಿದ್ದ ಅದೇ ಜಾಗ, ಅದೇ ಸೀಟು. ಅವಳ ಎರಡೂ ಕೈ ಮಡಿಲಲ್ಲಿ ಸಡಿಲವಾಗಿ ಬಿದ್ದಿದ್ದವು. ನಾನು ಇಳಿಯಲೆಂದು ಬಾಗಿಲಿಗೆ ಕೈ ಹಾಕಿದೆ. ಕಾಕಾ ಹಿಂದಕ್ಕೆ ತಿರುಗಿ ನನ್ನ ಮೊಣಕಾಲು ಒತ್ತಿ ಹಿಡಿದ.

"ಇಳೀಬ್ಯಾಡ," ಎಂದ, ಉಸಿರಿಗಿಂತ ಮೆಲ್ಲಗೆ. "ನೀ ಇಳದ್ರ ಸ್ಪ್ರಿಂಗ್ ಜಿಗೀತೈತಿ. ಅಕಿಗಿ ಎಚ್ಚರ ಆಗತೈತಿ."

ನಾನು ಬಾಗಿಲಿನಿಂದ ಕೈ ತೆಗೆದು, ಅಲುಗಾಡದೆ ಕುಳಿತೆ.